ಹಮ್ ಬಂತೆಂದು ಅರ್ತ್ ಪಿನ್ ಕೀಳಬೇಡಿ

ಸಂಪಾದಕರೆ,

ಮನೆಯ ಒಂದು ಕೋಣೆಯನ್ನೇ ಸ್ಟುಡಿಯೊ ಮಾಡಿಕೊಂಡು ಭಾವಗೀತೆ, ಭಜನೆ, ಪಾಡ್‌ಕಾಸ್ಟ್ ರೆಕಾರ್ಡ್ ಮಾಡುವವರು ಈಗ ನಮ್ಮ ಸಣ್ಣ ಊರುಗಳಲ್ಲೂ ಇದ್ದಾರೆ. ಸ್ವಲ್ಪ ದುಡ್ಡು ಕೂಡಿದರೆ ಅವರಲ್ಲಿ ಹಲವರ ಕಣ್ಣು 500 ಸರಣಿಯ ಮೈಕ್ ಪ್ರೀಆಂಪ್ (ಮೈಕ್‌ನ ಸಣ್ಣ ಸಿಗ್ನಲನ್ನು ದೊಡ್ಡದು ಮಾಡುವ ಮಾಡ್ಯೂಲ್; ಪವರ್ ಕೊಡುವ ರ‍್ಯಾಕ್ ಎಂಬ ಲೋಹದ ಪೆಟ್ಟಿಗೆಯ ಸ್ಲಾಟ್‌ನಲ್ಲಿ ಕೂರುತ್ತದೆ) ಮೇಲೆ ಬೀಳುತ್ತದೆ. ಒಳ್ಳೆಯದೇ. ಆದರೆ ಅದನ್ನು ಕೂರಿಸಿದ ದಿನ ಸ್ಪೀಕರ್‌ನಲ್ಲಿ ಗುಂಯ್ ಅಂತ ಹಮ್ ಶುರುವಾದರೆ, ಯಾರಾದರೂ ಒಬ್ಬರು ‘ಪ್ಲಗ್‌ನ ಅರ್ತ್ ಪಿನ್ ಕಿತ್ತುಹಾಕಿ, ಹೋಗುತ್ತೆ’ ಅನ್ನುತ್ತಾರೆ. ಈ ಮಾತಿನ ಬಗ್ಗೆಯೇ ನಾನು ಬರೆಯುತ್ತಿರುವುದು.

ಹಮ್ ಹೋಗಬಹುದು, ನಿಜ. ಆದರೆ ನಾಳೆ ರ‍್ಯಾಕ್ ಒಳಗೆ ಒಂದು ವೈರ್ ಸಡಿಲವಾಗಿ ಲೋಹದ ಡಬ್ಬಿಗೆ ತಾಗಿದರೆ ಆ 230 ವೋಲ್ಟ್‌ಗೆ ನೆಲಕ್ಕೆ ಹೋಗಲು ದಾರಿ ಇರುವುದಿಲ್ಲ, ಫ್ಯೂಸ್ ಕೂಡ ಹಾರುವುದಿಲ್ಲ, ಕೇಬಲ್‌ನ ಶೀಲ್ಡ್ (ಒಳಗಿನ ತಂತಿಗಳನ್ನು ಸುತ್ತಿದ ಲೋಹದ ಹೊದಿಕೆ) ಮೂಲಕ ಅದು ಮೈಕ್‌ನ ತನಕ ಬಂದು ನಿಲ್ಲಬಹುದು. ಮೈಕ್ ಮುಟ್ಟುವುದು ಹಾಡುವವರು ಅಲ್ವಾ?

ಹಮ್‌ಗೆ ಮುಖ್ಯ ಕಾರಣ ಬೇರೆ ಇರುತ್ತದೆ. ರ‍್ಯಾಕ್ ಒಂದು ಗೋಡೆಯ ಸಾಕೆಟ್‌ನಲ್ಲಿ, ಕಂಪ್ಯೂಟರ್ ಇನ್ನೊಂದರಲ್ಲಿ ಇದ್ದರೆ ಅರ್ತ್‌ಗೆ ಎರಡು ದಾರಿಯಾಗಿ, ನಮ್ಮ ಕರೆಂಟಿನ 50 ಹರ್ಟ್ಜ್ ಆಡಿಯೊ ಕೇಬಲ್‌ನ ಶೀಲ್ಡ್ ಒಳಗೆ ಸುತ್ತತೊಡಗುತ್ತದೆ. ಮೊದಲು ಎಲ್ಲವನ್ನೂ ಒಂದೇ ಸಾಕೆಟ್‌ನಿಂದ ತೆಗೆದುಕೊಳ್ಳಿ. ಲ್ಯಾಪ್‌ಟಾಪ್ ಚಾರ್ಜರ್ ತೆಗೆದು ಕೇಳಿ ನೋಡಿ. ಕೇಬಲ್ ಎಲ್ಲ ಬ್ಯಾಲೆನ್ಸ್‌ಡ್ (ಸಿಗ್ನಲ್‌ಗೆ ಎರಡು ತಂತಿ, ಜೊತೆಗೆ ಶೀಲ್ಡ್) ಇರಲಿ. ಆಗಲೂ ಹೋಗದಿದ್ದರೆ ಪ್ರೀಆಂಪ್‌ನಿಂದ ಇಂಟರ್‌ಫೇಸ್‌ಗೆ (ದನಿಯನ್ನು ಕಂಪ್ಯೂಟರ್‌ಗೆ ಕೊಡುವ ಸಾಧನ) ಹೋಗುವ ಲೈನ್ ಕೇಬಲ್‌ನ ಶೀಲ್ಡನ್ನು ಇಂಟರ್‌ಫೇಸ್ ಕಡೆ ಮಾತ್ರ ಬಿಡಿಸಬಹುದು, ಇಲ್ಲವೇ ನಡುವೆ ಆಡಿಯೊ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಬಹುದು. ಮೈಕ್ ಕೇಬಲ್‌ನಲ್ಲಿ ಮಾತ್ರ ಶೀಲ್ಡ್ ಬಿಡಿಸಲೇಬಾರದು, ಮೈಕ್‌ಗೆ ಕೇಬಲ್‌ನಲ್ಲೇ ಹೋಗುವ 48 ವೋಲ್ಟ್ ಫ್ಯಾಂಟಮ್ ಪವರ್ ವಾಪಸು ಬರುವುದೇ ಶೀಲ್ಡ್ ಜೋಡಿಸಿರುವ 1ನೇ ಪಿನ್‌ನಿಂದ. ಇನ್ನು ಕೆಲವು ಹಮ್ ಅರ್ತಿಂಗ್‌ನದ್ದೇ ಅಲ್ಲ. ಪ್ರೀಆಂಪ್‌ನ ಒಳಗಿನ ಟ್ರಾನ್ಸ್‌ಫಾರ್ಮರ್ ಪಕ್ಕದ ಪವರ್ ಸಪ್ಲೈನಿಂದ ಅದನ್ನು ಎಳೆದುಕೊಳ್ಳುತ್ತದೆ. ಮಾಡ್ಯೂಲನ್ನು ದೂರದ ಸ್ಲಾಟ್‌ಗೆ ಸರಿಸಿದರೆ ತಿಳಿದುಬಿಡುತ್ತದೆ.

ಕೂರಿಸುವಾಗಲೂ ಅವಸರ ಬೇಡ. ಹೊರದೇಶದಿಂದ ತಂದ ರ‍್ಯಾಕ್ ಆದರೆ ಹಿಂದೆ 115/230 ಸ್ವಿಚ್ ಇದೆಯಾ, ಎಲ್ಲಿದೆ ಎಂದು ಪ್ಲಗ್ ಹಾಕುವ ಮೊದಲೇ ನೋಡಿ. ಪವರ್ ಆಫ್ ಮಾಡಿಯೇ ಮಾಡ್ಯೂಲ್ ತಳ್ಳಬೇಕು, ಹಿಂದಿನ 15 ಪಿನ್‌ನ ಕನೆಕ್ಟರ್‌ಗೆ ನೇರವಾಗಿ ಕೂತ ಮೇಲೆ ಸ್ಕ್ರೂ ಬಿಗಿಯಬೇಕು. ಪ್ರತಿ ಮಾಡ್ಯೂಲ್ ಎಷ್ಟು ಮಿಲಿಆಂಪ್ ಎಳೆಯುತ್ತದೆ ಅನ್ನುವುದನ್ನು ಕೂಡಿಸಿ, ರ‍್ಯಾಕ್ ಅಷ್ಟು ಕೊಡುತ್ತದಾ ಎಂದು ನೋಡಬೇಕು. ಖಾಲಿ ಸ್ಲಾಟ್ ಇದೆ ಅಂತ ಸುಮ್ನೆ ತುಂಬುವುದಲ್ಲ. ವ್ಯಾಲ್ವ್ ಇರುವ ಮಾಡ್ಯೂಲ್‌ಗಳು ಜಾಸ್ತಿ ಎಳೆಯುತ್ತವೆ.

ಇನ್ನೊಂದು ವಿಷಯ. ಪ್ರೀಆಂಪ್‌ನ ಔಟ್‌ಪುಟ್ ಹೋಗಬೇಕಾದದ್ದು ಇಂಟರ್‌ಫೇಸ್‌ನ ಲೈನ್ ಇನ್‌ಪುಟ್‌ಗೆ (ಆಗಲೇ ದೊಡ್ಡದಾದ ಸಿಗ್ನಲ್ ತೆಗೆದುಕೊಳ್ಳುವ ಕಡೆ). ಬಹಳಷ್ಟು ಇಂಟರ್‌ಫೇಸ್‌ಗಳ ಕಾಂಬೊ ಸಾಕೆಟ್‌ನಲ್ಲಿ (ಎರಡು ಬಗೆಯ ಪ್ಲಗ್ ಹಿಡಿಸುವಂಥದ್ದು) ಎಕ್ಸ್‌ಎಲ್‌ಆರ್ (ಮೈಕ್‌ನ ಮೂರು ಪಿನ್ ಪ್ಲಗ್) ಚುಚ್ಚಿದರೆ ಅದು ಮತ್ತೆ ಒಳಗಿನ ಮೈಕ್ ಪ್ರೀಆಂಪ್‌ಗೇ ಹೋಗುತ್ತದೆ. ಸಾವಿರಾರು ರೂಪಾಯಿ ಕೊಟ್ಟು ತಂದ ಪ್ರೀಆಂಪ್‌ನ ದನಿ ಅಲ್ಲೇ ಕೆಡುತ್ತದೆ. ಎಕ್ಸ್‌ಎಲ್‌ಆರ್‌ನಿಂದ ಟಿಆರ್‌ಎಸ್‌ಗೆ (ಹೆಡ್‌ಫೋನ್ ಜಾಕ್‌ನಂಥ ಪ್ಲಗ್) ಹೋಗುವ ಕೇಬಲ್ ಬಳಸಿ.

ಈ ಸಲಕರಣೆ ಮಾರುವ ಅಂಗಡಿಗಳಿಗೆ ನನ್ನದೊಂದು ಕೋರಿಕೆ. ಪೆಟ್ಟಿಗೆಯ ಜೊತೆ ಕನ್ನಡದಲ್ಲಿ ಒಂದು ಹಾಳೆ ಇಡಿ. ಅದರಲ್ಲಿ ಅರ್ತ್ ಪಿನ್ ಕೀಳಬಾರದು ಎನ್ನುವುದು ಎಲ್ಲಕ್ಕಿಂತ ಮೇಲೆ, ದಪ್ಪ ಅಕ್ಷರದಲ್ಲಿ ಇರಲಿ. ಸ್ಟುಡಿಯೊ ಮಾಡುವವರು ಕೂಡ ರ‍್ಯಾಕ್ ತರುವ ಮೊದಲು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ನಿಂದ ಮನೆಯ ಅರ್ತ್ ಗುಂಡಿ ಪರೀಕ್ಷೆ ಮಾಡಿಸಲಿ. ಬೇಸಿಗೆಯಲ್ಲಿ ನೀರು ಹಾಕದೆ ಒಣಗಿದ ಗುಂಡಿ ಇದ್ದರೆ ಪ್ಲಗ್‌ನಲ್ಲಿ ಮೂರು ಪಿನ್ ಇದ್ದರೂ ಪೂರ್ತಿ ರಕ್ಷಣೆ ಸಿಗುವುದಿಲ್ಲ.

- ಒಬ್ಬ ರೆಕಾರ್ಡಿಂಗ್ ತಂತ್ರಜ್ಞ, ದಾವಣಗೆರೆ