ಭೇದಿ ಎಂದು ಬಂದವರನ್ನು ಹಿಂದೆ ತಿಂದ ಮಾತ್ರೆ ಬಗ್ಗೆಯೂ ಕೇಳಿ

ಮಾನ್ಯರೇ,

ಆ್ಯಂಟಿಬಯೋಟಿಕ್ ಮಾತ್ರೆಗಳನ್ನು ಬೇಕಾಬಿಟ್ಟಿ ನುಂಗುವುದರ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಬರಹ ಓದಿದೆ. ಮುಂದೊಂದು ದಿನ ಔಷಧಿಯೇ ನಾಟದಂತಾಗುತ್ತದೆ ಎಂಬ ಎಚ್ಚರಿಕೆ ಸರಿ. ಆದರೆ ಈಗಲೇ, ಮಾತ್ರೆ ತಿಂದವರ ಹೊಟ್ಟೆಯಲ್ಲೇ ಆಗುವ ಒಂದು ತೊಂದರೆಯ ವಿಷಯ ಅದರಲ್ಲಿ ಇರಲಿಲ್ಲ. ಎಂಡೋಸ್ಕೋಪಿ, ಅಂದರೆ ಕ್ಯಾಮೆರಾ ಇರುವ ಕೊಳವೆ (ಸ್ಕೋಪ್) ಹಾಕಿ ಹೊಟ್ಟೆಯ ಒಳಗೆ ನೋಡುವ ವಿಭಾಗದಲ್ಲಿ ಬಹಳ ವರ್ಷ ಕೆಲಸ ಮಾಡಿದವಳಾದ್ದರಿಂದ ಬರೆಯುತ್ತಿದ್ದೇನೆ.

ಆ್ಯಂಟಿಬಯೋಟಿಕ್ ರೋಗದ ಬ್ಯಾಕ್ಟೀರಿಯಾ ಜೊತೆಗೆ ದೊಡ್ಡ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ. ಆಗ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸೀಲ್, ಅಂದರೆ ಡಾಕ್ಟರುಗಳು ‘ಸಿ ಡಿಫ್’ ಎನ್ನುವ ಬ್ಯಾಕ್ಟೀರಿಯಾ ಹೆಚ್ಚಿಕೊಂಡು ವಿಷ ಬಿಡುತ್ತದೆ. ಕರುಳು ಊದಿಕೊಳ್ಳುತ್ತದೆ. ಭೇದಿ, ಹೊಟ್ಟೆನೋವು, ಜ್ವರ ಬರುತ್ತದೆ. ವಯಸ್ಸಾದವರಲ್ಲಿ ಜೀವಕ್ಕೇ ಕುತ್ತಾಗಬಹುದು. ಮಾತ್ರೆ ಮುಗಿದು ಎಷ್ಟೋ ವಾರ ಆದ ಮೇಲೂ ಇದು ಶುರುವಾಗಬಹುದು. ಅಷ್ಟು ಹೊತ್ತಿಗೆ ಆ ಮಾತ್ರೆಯ ನೆನಪೂ ಯಾರಿಗೂ ಇರುವುದಿಲ್ಲ.

ಒಬ್ಬ ಅಜ್ಜಿಯನ್ನು ಭೇದಿ ಎಂದು ಮಗ ಕರೆದುಕೊಂಡು ಬಂದಿದ್ದರು. ಅಷ್ಟರಲ್ಲಿ ಒಂದು ಕಡೆ ಭೇದಿ ನಿಲ್ಲುವ ಮಾತ್ರೆ, ಇನ್ನೊಂದು ಕಡೆ ಮತ್ತೊಂದು ಆ್ಯಂಟಿಬಯೋಟಿಕ್ ಕೊಟ್ಟಾಗಿತ್ತು. ಸ್ಕೋಪ್ ಹಾಕಿದಾಗ ಕರುಳಿನ ಗೋಡೆ ಕೆಂಪಗೆ ಊದಿತ್ತು. ಅದರ ಮೇಲೆ ಒಡೆದ ಹಾಲಿನ ಚೂರುಗಳಂತೆ ಹಳದಿ ಮಚ್ಚೆಗಳು. ನೀರು ಬಿಟ್ಟು ತೊಳೆದರೂ ಕದಲಲಿಲ್ಲ. ಡಾಕ್ಟರು ಹೊರಗೆ ಬಂದು, ‘ಈಚೆಗೆ ಏನಾದರೂ ಆ್ಯಂಟಿಬಯೋಟಿಕ್ ತಗೊಂಡಿದ್ರಾ?’ ಎಂದು ಕೇಳಿದರು. ‘ಹಲ್ಲು ಕೀಳಿಸಿದಾಗ ಕ್ಲಿಂಡಾಮೈಸಿನ್ ಕೊಟ್ಟಿದ್ರು ಸಾರ್. ಅದಕ್ಕೂ ಇದಕ್ಕೂ ಏನು ಸಂಬಂಧ?’ ಎಂದರು ಮಗ.

ಆ ಸಂಬಂಧ ಹೊಸದಾಗಿ ಗೊತ್ತಾದದ್ದಲ್ಲ. ಅಮೆರಿಕದ ಸೇಂಟ್ ಲೂಯಿಸ್‌ನ ವೈದ್ಯರು ಕ್ಲಿಂಡಾಮೈಸಿನ್ ತಗೊಂಡ 200 ಜನರನ್ನು ಗಮನಿಸಿ 1974ರಲ್ಲೇ ವರದಿ ಮಾಡಿದ್ದರು. ಅವರಲ್ಲಿ ಸುಮಾರು 20 ಮಂದಿಯ ಕರುಳಿನಲ್ಲಿ ಇದೇ ಮಚ್ಚೆಗಳಿದ್ದವು. ಕಾರಣ ಸಿ ಡಿಫ್ ಎಂದು 1978ರಲ್ಲಿ ತಿಳಿಯಿತು. ಕ್ಲಿಂಡಾಮೈಸಿನ್ ಒಂದೇ ಅಲ್ಲ, ನಾವು ಸುಮ್ನೆ ಶೀತ ಜ್ವರಕ್ಕೂ ನುಂಗುವ ಸೆಫಿಕ್ಸಿಮ್, ಸಿಪ್ರೊಫ್ಲಾಕ್ಸಾಸಿನ್‌ನಿಂದಲೂ ಹೀಗಾಗಬಹುದು.

ಹಾಗಂತ ಭೇದಿಯಾದವರೆಲ್ಲ ಕೊಲೊನೋಸ್ಕೋಪಿಗೆ, ಅಂದರೆ ದೊಡ್ಡ ಕರುಳಿಗೆ ಸ್ಕೋಪ್ ಹಾಕಿಸಿಕೊಳ್ಳಲು, ಓಡಬೇಕಿಲ್ಲ. ‘ಒಂದೇ ಸಲ ಒಳಗೆ ನೋಡಿಬಿಡಿ ಸಿಸ್ಟರ್’ ಎಂದು ಹಟ ಹಿಡಿದವರನ್ನು ಬೇಕಾದಷ್ಟು ನೋಡಿದ್ದೇನೆ. ಮೊದಲು ಆಗಬೇಕಾದ್ದು ಮಲದಲ್ಲಿ ಸಿ ಡಿಫ್ ವಿಷ ಇದೆಯೇ ಎಂಬ ಪರೀಕ್ಷೆ. ಮಾಮೂಲಿ ಮಲ ಪರೀಕ್ಷೆಯಲ್ಲಿ ಇದು ಸಿಗುವುದಿಲ್ಲ, ಬೇರೆಯಾಗಿಯೇ ಬರೆಸಬೇಕು. ತೀರಾ ಊದಿಕೊಂಡ ಕರುಳಿಗೆ ಗಾಳಿ ತುಂಬಿ ಸ್ಕೋಪ್ ಹಾಕಿದರೆ ತೂತಾಗುವ ಅಪಾಯ ಇದೆ. ಪರೀಕ್ಷೆಯ ಫಲಿತಾಂಶಕ್ಕೂ ರೋಗಿಯ ಸ್ಥಿತಿಗೂ ತಾಳೆಯಾಗದಿದ್ದಾಗ, ಚಿಕಿತ್ಸೆ ನಾಟದಿದ್ದಾಗ, ಕರುಳಿನ ಟಿಬಿಯೋ ಅಮೀಬಾವೋ ಅಲ್ಸರೇಟಿವ್ ಕೊಲೈಟಿಸ್ ಎಂಬ ಕರುಳಿನ ಹುಣ್ಣಿನ ಕಾಯಿಲೆಯೋ ಎಂಬ ಅನುಮಾನ ಇದ್ದಾಗ ಸ್ಕೋಪ್, ಬಯಾಪ್ಸಿ (ಕರುಳಿನ ಚೂರು ತೆಗೆದು ಮಾಡುವ ಪರೀಕ್ಷೆ) ಬೇಕಾಗುತ್ತದೆ. ಮಚ್ಚೆ ಕಾಣದಿದ್ದರೆ ಸಿ ಡಿಫ್ ಇಲ್ಲ ಎಂದೂ ಅಲ್ಲ. ರೋಗ ಜೋರಾಗಿಲ್ಲದಿದ್ದರೆ ಎಷ್ಟೋ ಸಲ ಅವು ಇರುವುದೇ ಇಲ್ಲ.

ಚಿಕಿತ್ಸೆಯ ಬಗ್ಗೆಯೂ ತಪ್ಪು ತಿಳಿವಳಿಕೆ ಜಾಸ್ತಿ. ಸಾಧ್ಯವಾದರೆ ಮೊದಲಿನ ಆ್ಯಂಟಿಬಯೋಟಿಕ್ ನಿಲ್ಲಿಸುತ್ತಾರೆ. ಆಮೇಲೆ ಸಿ ಡಿಫ್ ಕೊಲ್ಲುವ ವ್ಯಾಂಕೊಮೈಸಿನ್ ಎಂಬ ಬೇರೆ ಆ್ಯಂಟಿಬಯೋಟಿಕ್ ಅನ್ನು ಬಾಯಿಯ ಮೂಲಕವೇ ಕೊಡಬೇಕು. ಸಾಮಾನ್ಯವಾಗಿ 125 ಮಿಲಿಗ್ರಾಂ, ದಿನಕ್ಕೆ 4 ಸಲ, 10 ದಿನ. ‘ನರಕ್ಕೆ ಇಂಜೆಕ್ಷನ್ ಕೊಡಿ, ಬೇಗ ಹಿಡಿಯುತ್ತೆ’ ಎನ್ನುತ್ತಾರೆ ಮನೆಯವರು. ನರಕ್ಕೆ ಕೊಟ್ಟ ವ್ಯಾಂಕೊಮೈಸಿನ್ ಕರುಳಿನ ಒಳಕ್ಕೆ ಇಳಿಯುವುದೇ ಇಲ್ಲ. ಮೆಡಿಕಲ್ ಶಾಪಿನಲ್ಲಿ ಸಿಗುವ, ಭೇದಿ ನಿಲ್ಲಿಸುವ ಲೋಪೆರಮೈಡ್ ಮಾತ್ರೆ ಅಂತೂ ಡಾಕ್ಟರನ್ನು ಕೇಳದೆ ನುಂಗಲೇಬಾರದು.

ವಾಸಿಯಾದವರಲ್ಲೂ ಕೆಲವರಿಗೆ ಮತ್ತೆ ಮತ್ತೆ ಮರುಕಳಿಸುತ್ತದೆ. ಅಂಥವರಿಗೆ, ಪರೀಕ್ಷೆ ಮಾಡಿ ಆರಿಸಿದ ಆರೋಗ್ಯವಂತರ ಮಲವನ್ನು ಸೋಸಿ ಕೊಲೊನೋಸ್ಕೋಪ್ ಮೂಲಕ ಕರುಳಿಗೆ ಬಿಡುವ ಚಿಕಿತ್ಸೆ ಇದೆ. ಹೇಸಿಗೆ ಪಡಬೇಡಿ. ಅಮೆರಿಕದ ಡೆನ್ವರ್‌ನಲ್ಲಿ 1958ರಲ್ಲೇ ಎನಿಮಾ ಮೂಲಕ ಇದನ್ನು ಮಾಡಿದ್ದರು. ನೆದರ್ಲೆಂಡ್ಸ್‌ನಲ್ಲಿ ಮೂಗಿನಿಂದ ನಳಿಕೆ ಇಳಿಸಿ ಕೊಟ್ಟು ನೋಡಿದಾಗ 16 ಜನರಲ್ಲಿ 13 ಮಂದಿಗೆ ಒಂದೇ ಸಲಕ್ಕೆ ವಾಸಿಯಾಯಿತು ಎಂದು 2013ರಲ್ಲಿ ಪ್ರಕಟವಾಯಿತು. ಬರೀ ವ್ಯಾಂಕೊಮೈಸಿನ್ ಕೊಟ್ಟ 13 ಜನರಲ್ಲಿ ವಾಸಿಯಾದವರು 4 ಮಂದಿ.

ಆಸ್ಪತ್ರೆಯಲ್ಲಿ ರೋಗಿಯನ್ನು ನೋಡಿಕೊಳ್ಳುವವರಿಗೆ ಒಂದು ಮಾತು. ಸ್ಯಾನಿಟೈಸರ್‌ಗೆ ಇದರ ಬೀಜಕಣಗಳು ಸಾಯುವುದಿಲ್ಲ. ಸೋಪು ಹಚ್ಚಿ ನೀರಿನಲ್ಲಿ ಕೈ ತೊಳೆಯಲೇಬೇಕು.

ಆರೋಗ್ಯ ಇಲಾಖೆಗೆ ನನ್ನ ಮನವಿ ಇಷ್ಟೇ. ಸಿ ಡಿಫ್ ಮಲ ಪರೀಕ್ಷೆ ಎಲ್ಲ ಜಿಲ್ಲಾ ಆಸ್ಪತ್ರೆಗಳಲ್ಲೂ ಸಿಗುವಂತೆ ಮಾಡಿ. ಡಿಸ್ಚಾರ್ಜ್ ಚೀಟಿಯ ಮೇಲೆ, ಮಾತ್ರೆಯ ಕವರಿನ ಮೇಲೆ ಹೀಗೆ ಕನ್ನಡದಲ್ಲಿ ಅಚ್ಚು ಹಾಕಿಸಿ: ‘ಈ ಔಷಧಿ ತಗೊಂಡ ಮೂರು ತಿಂಗಳೊಳಗೆ ದಿನಕ್ಕೆ ಮೂರು ಸಲ ಅಥವಾ ಜಾಸ್ತಿ ಭೇದಿಯಾದರೆ ಈ ಚೀಟಿ ಹಿಡಿದುಕೊಂಡು ಡಾಕ್ಟರ ಹತ್ತಿರ ಬನ್ನಿ.’

– ನಿವೃತ್ತ ಸ್ಟಾಫ್ ನರ್ಸ್, ಶಿವಮೊಗ್ಗ