ವಿಡಿಯೊದಲ್ಲಿ ಒಂದು ಗಡಿಯಾರವೂ ಇರಲಿ

ಮಾನ್ಯ ಸಂಪಾದಕರೇ,

ದೇಹದ ಒಳಗೆ ಏನಾಗಿದೆ ಅನ್ನುವುದನ್ನು ಡಾಕ್ಟರುಗಳು ಈಗ ಆನಿಮೇಷನ್‌ನಲ್ಲಿ ತೋರಿಸಿ ವಿವರಿಸುತ್ತಾರೆ ಎಂದು ನಿಮ್ಮ ಆರೋಗ್ಯ ಪುಟದಲ್ಲಿ ಓದಿದೆ. ಒಳ್ಳೆಯದೇ. ಆದರೆ ಅಂಥದ್ದೇ ಒಂದು ವಿಡಿಯೊ ನೋಡಿ ಎಡವಟ್ಟು ಮಾಡಿಕೊಂಡವಳು ನಾನು. ಅದನ್ನೂ ಹೇಳಿಬಿಡೋಣ ಅಂತ ಈ ಪತ್ರ.

ನಾನು ಟೈಲರ್. ಒಂದು ದಿನ ಮೇಲಿನ ಶೆಲ್ಫಿನಿಂದ ದಾರದ ಡಬ್ಬಿ ತೆಗೆಯಲು ತಲೆ ಎತ್ತಿದೆ, ಕೋಣೆ ಪೂರ್ತಿ ಗಿರ್ರನೆ ತಿರುಗಿತು. ಮಷಿನ್ ಹಿಡಿದುಕೊಂಡು ಕೂತೆ. ಅರ್ಧ ನಿಮಿಷದಲ್ಲಿ ಎಲ್ಲ ಸರಿಹೋಯಿತು. ರಾತ್ರಿ ಹಾಸಿಗೆಯಲ್ಲಿ ಬಲಕ್ಕೆ ಹೊರಳಿದರೆ ಮತ್ತೆ ಅದೇ.

ಡಾಕ್ಟರು ನನ್ನ ತಲೆಯನ್ನು ಬಲಕ್ಕೆ ತಿರುಗಿಸಿ, ಹಾಗೇ ಹಿಂದಕ್ಕೆ ಮಲಗಿಸಿ ಕಣ್ಣು ನೋಡಿದರು. ಕಣ್ಣುಗುಡ್ಡೆ ಅದುರುತ್ತಿತ್ತಂತೆ. "ಕಿವಿಯೊಳಗೆ ಕಲ್ಲು ಜಾಗ ಬಿಟ್ಟಿದೆಯಮ್ಮ" ಅಂದರು. ಎದೆ ಧಸಕ್ಕೆಂದಿತು. ಕಲ್ಲು ಅಂದರೆ ನನಗೆ ಗೊತ್ತಿದ್ದದ್ದು ಕಿಡ್ನಿ ಕಲ್ಲು. ಆಪರೇಷನ್ ಬೇಕಾ? ಡ್ರಾಪ್ಸ್ ಹಾಕಿದರೆ ಹೊರಗೆ ಬಂದೀತಾ? ಕೇಳಲು ನಾಚಿಕೆ.

ಮುಖ ನೋಡಿಯೇ ಗೊತ್ತಾಯಿತೇನೋ, ಟ್ಯಾಬ್ ತೆಗೆದು ಒಂದು ಆನಿಮೇಷನ್ ಹಾಕಿ ನನ್ನ ಕಡೆ ತಿರುಗಿಸಿದರು. ಒಳಕಿವಿಯಲ್ಲಿ ಮೂರು ಬಾಗಿದ ಕೊಳವೆ, ಒಡೆದ ಬಳೆಯ ತುಂಡುಗಳ ಹಾಗೆ. ಒಳಗೆ ನೀರಿನಂಥ ದ್ರವ. ಪಕ್ಕದಲ್ಲೊಂದು ಪುಟ್ಟ ಚೀಲ, ಅದರಲ್ಲಿ ಅಂಟಂಟು ಪದರದ ಮೇಲೆ ಸಣ್ಣ ಸಣ್ಣ ಹರಳು. ಸುಣ್ಣದ ಕಲ್ಲಿನಲ್ಲಿರುವ ಅದೇ ಕ್ಯಾಲ್ಸಿಯಂ ಕಾರ್ಬೋನೇಟ್. ಹುಟ್ಟಿದಾಗಿನಿಂದ ಎಲ್ಲರ ಕಿವಿಯಲ್ಲೂ ಇರುವಂಥದ್ದೇ. ನನ್ನವು ಕೆಲವು ಕಳಚಿ ಹಿಂದಿನ ಕೊಳವೆಗೆ ಬಿದ್ದಿದ್ದವು, ಅಷ್ಟೆ. ತಲೆ ವಾಲಿಸಿದರೆ ಹರಳು ಜಾರುತ್ತದೆ, ದ್ರವ ಅಲುಗುತ್ತದೆ, ಅಲ್ಲಿನ ನರ "ತಲೆ ತಿರುಗ್ತಾ ಇದೆ" ಅಂತ ಮಿದುಳಿಗೆ ಸುಳ್ಳು ಸುದ್ದಿ ಕಳಿಸುತ್ತದೆ.

ಗೋಡೆಯ ಚಾರ್ಟ್‌ನಲ್ಲೂ ಅದೇ ಕಿವಿ ಇತ್ತು. ಅದನ್ನು ದಿನವಿಡೀ ನೋಡಿದ್ದರೂ ನನಗೆ ಇದು ಹೊಳೆಯುತ್ತಿರಲಿಲ್ಲ. ಹರಳು ಜಾರುವುದೇ ಕಾಯಿಲೆ ಆಗಿರುವಾಗ, ನಿಂತ ಚಿತ್ರದಲ್ಲಿ ಅದು ಕಾಣುವುದಾದರೂ ಹೇಗೆ?

ಚಿಕಿತ್ಸೆಯೂ ಚಲನೆಯೇ. ಅಮೆರಿಕದ ಜಾನ್ ಎಪ್ಲಿ ಎಂಬ ಡಾಕ್ಟರ್ 1992ರಲ್ಲಿ ಪ್ರಕಟಿಸಿದ ವಿಧಾನವಂತೆ. ನನ್ನ ತೊಂದರೆ ಬಲಗಿವಿಯದು, ಹಾಗಾಗಿ ತಲೆ 45 ಡಿಗ್ರಿ ಬಲಕ್ಕೆ ತಿರುಗಿಸಿ, ಮಂಚದ ಅಂಚಿನಿಂದ ತುಸು ಕೆಳಗೆ ಜೋಲುವಂತೆ ಮಲಗಬೇಕು. ಆಮೇಲೆ ತಲೆ ಎಡಕ್ಕೆ. ಆಮೇಲೆ ಮೈಯನ್ನೂ ಎಡಕ್ಕೆ ಹೊರಳಿಸಿ, ಮುಖ ನೆಲದ ಕಡೆಗೆ. ಕೊನೆಗೆ ಏಳಬೇಕು. ಹರಳು ಕೊಳವೆಯ ಸುತ್ತು ಬಳಸಿ ಮತ್ತೆ ಚೀಲಕ್ಕೆ ಬೀಳುತ್ತದೆ. ಡಾಕ್ಟರು ಒಮ್ಮೆ ಮಾಡಿಸಿದ್ದಕ್ಕೇ ವಾಸಿಯಾಯಿತು. ಮತ್ತೆ ಬಂದರೆ ಮನೆಯಲ್ಲೇ ಮಾಡಿ ಅಂತ ವಿಡಿಯೊ ವಾಟ್ಸ್ಆ್ಯಪ್‌ಗೆ ಕಳಿಸಿದರು.

ಎರಡು ತಿಂಗಳಿಗೆ ಮತ್ತೆ ಬಂತು. ಫೋನ್ ದಿಂಬಿಗೆ ಒರಗಿಸಿಟ್ಟು ಮೂರು ದಿನ ಮಾಡಿದೆ. ಏನೂ ಇಲ್ಲ. ಸ್ವಲ್ಪ ಸಿಟ್ಟಿನಲ್ಲೇ ಕ್ಲಿನಿಕ್‌ಗೆ ಹೋದೆ. "ಹೇಗೆ ಮಾಡಿದಿರಿ, ತೋರಿಸಿ" ಅಂದರು. ವಿಡಿಯೊದಲ್ಲಿ ಇದ್ದ ಹಾಗೇ ಪಟಪಟ ಅಂತ ಮಾಡಿ ತೋರಿಸಿದೆ. ತಪ್ಪು ಅಲ್ಲೇ ಸಿಕ್ಕಿತು. ಒಂದೊಂದು ಭಂಗಿಯಲ್ಲೂ ಕನಿಷ್ಠ 30 ಸೆಕೆಂಡ್, ತಲೆಸುತ್ತು ನಿಲ್ಲುವವರೆಗೆ ಇರಬೇಕಂತೆ. ಹರಳು ದ್ರವದಲ್ಲಿ ನಿಧಾನಕ್ಕೆ ಇಳಿಯಬೇಕಲ್ವಾ. ವಿಡಿಯೊ ಪೂರ್ತಿ ಇದ್ದದ್ದೇ 40 ಸೆಕೆಂಡ್! ಮೊದಲ ಸಲ ಡಾಕ್ಟರು ಎಷ್ಟು ಹೊತ್ತು ಹಿಡಿದಿದ್ದರೋ, ಭಯದಲ್ಲಿ ನನಗೆ ಲೆಕ್ಕವೇ ಇರಲಿಲ್ಲ.

ಮೂಲೆಯಲ್ಲಿ ಸಣ್ಣಕ್ಷರದಲ್ಲಿ ಸಮಯ ಬರೆದಿತ್ತು, ಇಂಗ್ಲಿಷಿನಲ್ಲಿ. ತಲೆ ಕೆಳಗೆ ಜೋತುಬಿದ್ದು ಮನೆಯೆಲ್ಲ ಸುತ್ತುತ್ತಿರುವಾಗ ಅದನ್ನು ಯಾರು ಓದುತ್ತಾರೆ ಸ್ವಾಮಿ?

ಹೊಲಿಗೆ ಕಲಿಯಲು ಬರುವ ಹುಡುಗಿಯರ ವಿಷಯದಲ್ಲಿ ನಾನೂ ಇದೇ ತಪ್ಪು ಮಾಡಿದ್ದೇನೆ. ಕಾಲರ್ ಕೂರಿಸುವುದನ್ನು ನನ್ನ ವೇಗದಲ್ಲಿ ತೋರಿಸಿ "ಗೊತ್ತಾಯ್ತಾ?" ಅಂದರೆ ಎಲ್ಲರೂ ತಲೆ ಆಡಿಸುತ್ತಾರೆ. ಬಟ್ಟೆ ಅವರ ಕೈಗೆ ಕೊಟ್ಟಾಗಲೇ ನಿಜ ತಿಳಿಯುವುದು.

ಇನ್ನೊಂದು ದೂರು. ವಿಡಿಯೊದಲ್ಲಿ ಹರಳು ಗೋಲಿಯಷ್ಟು ದಪ್ಪ. ಅದನ್ನು ನೋಡಿದ ನಮ್ಮ ಯಜಮಾನರು, ಕಿವಿಯಿಂದ ಉದುರಿ ಬಿದ್ದಿದೆಯಾ ಅಂತ ದಿಂಬು ಕೊಡವಿ ನೋಡಿದರು. ನಿಜವಾಗಿ ಅವು ಬರಿಗಣ್ಣಿಗೆ ಕಾಣುವುದೇ ಇಲ್ಲ. ನಡುವೆ ಕಿವಿತಮಟೆ ಬೇರೆ ಇದೆ, ಹೊರಗೆ ಬರಲು ದಾರಿಯೇ ಇಲ್ಲ. ಚಿತ್ರ ಮಾಡಿದವರು ಕಿವಿಯನ್ನು ಅಷ್ಟು ಚೆಂದವಾಗಿ ಸೀಳಿ ತೋರಿಸಿ, ತಮಟೆಯನ್ನೇ ಬಿಟ್ಟಿದ್ದರು.

ನನ್ನದೂ ಒಂದು ತಪ್ಪಿದೆ. ಸುಮ್ನೆ ಇರಲಾರದೆ ಆ ವಿಡಿಯೊವನ್ನು ನಾಲ್ಕು ಜನಕ್ಕೆ ಫಾರ್ವರ್ಡ್ ಮಾಡಿದೆ. ಅವರಲ್ಲೊಬ್ಬರಿಗೆ ಎದ್ದು ನಿಂತಾಗ ಬಿಪಿ ಇಳಿದು ತಲೆಸುತ್ತು. ಪಾಪ, ಅವರು ತಮ್ಮದೂ ಕಿವಿಯ ಹರಳೇ ಅಂದುಕೊಂಡು ವಿಡಿಯೊ ನೋಡಿ ಒಂದು ವಾರ ಸುಮ್ಮನೆ ಮಂಚದ ಮೇಲೆ ಹೊರಳಾಡಿದರು. ತಲೆಸುತ್ತಿನ ಜೊತೆ ಮಾತು ತೊದಲಿದರೆ, ಕೈಕಾಲು ಸೋತರೆ ತಕ್ಷಣ ಆಸ್ಪತ್ರೆಗೆ ಓಡಬೇಕು. ಇದು ಡಾಕ್ಟರು ಬಾಯಲ್ಲಿ ಹೇಳಿದ ಮಾತು. ವಿಡಿಯೊದಲ್ಲಿ ಇರಲಿಲ್ಲ.

ಇಂಥವನ್ನು ತಯಾರಿಸುವವರು ಪರದೆಯ ಮೇಲೆ ಓಡುವ ಗಡಿಯಾರ ಹಾಕಲಿ, ನಮ್ಮ ಭಾಷೆಯಲ್ಲಿ ಎಣಿಸುವ ದನಿ ಸೇರಿಸಲಿ. ಡಾಕ್ಟರುಗಳು ವಿಡಿಯೊ ಮುಗಿದ ಮೇಲೆ ರೋಗಿಯ ಕೈಲೇ ಒಮ್ಮೆ ಮಾಡಿಸಿ ನೋಡಲಿ. ಎರಡು ನಿಮಿಷ ಜಾಸ್ತಿ ಹಿಡಿಯಬಹುದು, ಅಷ್ಟೆ.

ನಾನೀಗ ಮನೆಯಲ್ಲಿ ಮಾಡುವಾಗ ವಿಡಿಯೊ ಹಾಕುವುದಿಲ್ಲ. ಮಗಳು ಪಕ್ಕದಲ್ಲಿ ಕೂತು ಜೋರಾಗಿ ಅರವತ್ತರವರೆಗೆ ಎಣಿಸುತ್ತಾಳೆ.

ಇತಿ,
ನಿಮ್ಮ ಓದುಗರಲ್ಲಿ ಒಬ್ಬಳು, ಟೈಲರ್