ಕಟ್ಟಿಹಾಕಿ ಎಂದು ಬೇಡುವ ತೋಳ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ಲೀಡ್ಸ್ ಸೇರಿದ ಮೇಲೆ ನೀನು ಬರೆದ ಮೊದಲ ದೊಡ್ಡ ಪತ್ರವನ್ನು ಎರಡು ಸಲ ಓದಿದೆ. ಭಾನುವಾರ ಒಬ್ಬನೇ ಯಾರ್ಕ್‌ಷೈರ್‌ನ ಬಯಲಿಗೆ ನಡೆಯಲು ಹೋಗಿ, ಮಂಜು ಕವಿದು ದಾರಿ ತಪ್ಪಿ, ಕತ್ತಲಾಗುವ ಹೊತ್ತಿಗೆ ಹಳೆಯ ಪಬ್ ಒಂದರ ದೀಪ ಕಂಡಾಗ ಹೋದ ಜೀವ ಬಂತು ಎಂದಿದ್ದೀಯೆ. ಓದುತ್ತಿದ್ದಂತೆ ನನ್ನ ಮೈ ಜುಮ್ಮೆಂದಿತು. ನಿನಗೆ ತಿಳಿಯದಂತೆಯೇ ನೀನು ನನ್ನ ಅಚ್ಚುಮೆಚ್ಚಿನ ಸಿನಿಮಾ ಒಂದರ ಆರಂಭದೊಳಗೆ ನಡೆದು ಬಂದಿದ್ದೀಯೆ!

ಚಳಿಗಾಲದ ಉದ್ದನೆಯ ರಾತ್ರಿಗಳಿಗೆ ಹೆದರಿಕೆಯ ಸಿನಿಮಾ ಯಾವುದಾದರೂ ಹೇಳು ಎಂದು ಕೇಳಿದ್ದೀಯೆ. ದೆವ್ವ, ರಕ್ತಪಿಶಾಚಿಗಳನ್ನು ಸದ್ಯಕ್ಕೆ ಬಿಡು. ತೋಳಮಾನವನ ಸಿನಿಮಾಗಳನ್ನು ನೋಡು. ಅಂಥ ತೋಳ ಕಚ್ಚಿ ಬದುಕುಳಿದ ಮನುಷ್ಯ ಹುಣ್ಣಿಮೆಯ ರಾತ್ರಿ ತಾನೂ ತೋಳವಾಗುತ್ತಾನೆ ಎಂಬುದು ಆ ಕಥೆಗಳ ನಂಬಿಕೆ. ಇಂಗ್ಲಿಷಿನವರು ಅವನನ್ನು ವೇರ್‌ವುಲ್ಫ್ ಎನ್ನುತ್ತಾರೆ. ಹಳೆಯ ಇಂಗ್ಲಿಷಿನಲ್ಲಿ ‘ವೇರ್’ ಎಂದರೆ ಗಂಡಸು. ನಮ್ಮ ‘ವೀರ’ ಅದೇ ಮೂಲದ ಮಾತು. ‘ವುಲ್ಫ್’ ಎಂಬುದಕ್ಕೆ ಸಂಸ್ಕೃತದ ದಾಯಾದಿ ‘ವೃಕ’. ಭೀಮನನ್ನು ವೃಕೋದರ ಎನ್ನುವಾಗೆಲ್ಲ ನಾವು ಅವನ ಹೊಟ್ಟೆಯಲ್ಲಿ ಒಂದು ತೋಳವನ್ನು ಕೂರಿಸಿಯೇ ಕರೆಯುತ್ತೇವೆ. ದೂರದ ದೇಶದ ಈ ಕಥೆ ನನಗೆ ಎಂದೂ ಪರಕೀಯ ಎನಿಸದಿರಲು ಇದೂ ಒಂದು ಕಾರಣ.

ಆ ಸಿನಿಮಾದ ಹೆಸರು ‘ಆ್ಯನ್ ಅಮೆರಿಕನ್ ವೇರ್‌ವುಲ್ಫ್ ಇನ್ ಲಂಡನ್’. 1981ರದ್ದು, ಜಾನ್ ಲ್ಯಾಂಡಿಸ್ ಬರೆದು ನಿರ್ದೇಶಿಸಿದ್ದು. ಡೇವಿಡ್ ಮತ್ತು ಜ್ಯಾಕ್ ಎಂಬ ಇಬ್ಬರು ಅಮೆರಿಕದ ಹುಡುಗರು ಬೆನ್ನಿಗೆ ಚೀಲ ಹಾಕಿಕೊಂಡು ನೀನು ನಡೆದಂಥದೇ ಬಯಲಿನಲ್ಲಿ ನಡೆಯುತ್ತಾರೆ. ಚಳಿಗೆ ನಡುಗುತ್ತಾ ಒಂದು ಪಬ್‌ ಹೊಕ್ಕರೆ ಒಳಗಿದ್ದವರೆಲ್ಲ ಮಾತು ನಿಲ್ಲಿಸಿ ನೋಡುತ್ತಾರೆ. ಗೋಡೆಯ ಮೇಲೆ ಐದು ಮೂಲೆಯ ನಕ್ಷತ್ರ. ಅದೇನು ಎಂದು ಕೇಳಿದ್ದೇ ತಪ್ಪಾಗುತ್ತದೆ. ರಸ್ತೆ ಬಿಡಬೇಡಿ, ಬಯಲಿಗೆ ಇಳಿಯಬೇಡಿ, ಚಂದ್ರನ ಬಗ್ಗೆ ಎಚ್ಚರ ಎಂದಷ್ಟೇ ಹೇಳಿ ಅವರನ್ನು ಕತ್ತಲೆಗೆ ಬಿಡುತ್ತಾರೆ. ಜ್ಯಾಕ್ ಸಾಯುತ್ತಾನೆ, ಕಚ್ಚಿಸಿಕೊಂಡ ಡೇವಿಡ್ ಉಳಿಯುತ್ತಾನೆ. ಕಥೆ ನಡೆಯುವುದು ಯಾರ್ಕ್‌ಷೈರ್‌ನಲ್ಲಿ ಎಂದಿದ್ದರೂ ಆ ಬಯಲು, ಆ ಹಳ್ಳಿಯನ್ನು ಚಿತ್ರೀಕರಿಸಿದ್ದು ವೇಲ್ಸ್‌ನಲ್ಲಿ. ಇದನ್ನು ನೆನಪಿಟ್ಟುಕೋ, ವೇಲ್ಸ್ ಮತ್ತೆ ಬರುತ್ತದೆ.

ಇನ್ನು ಮುಂದೆ ಕಥೆಗಳ ಕೊನೆಯನ್ನೂ ಹೇಳಿಬಿಡುತ್ತೇನೆ. ಬಯಲಾಟಕ್ಕೆ ಹೋಗುವವರು ಕಥೆ ತಿಳಿದೇ ಹೋಗಿ ಕೂರುತ್ತಾರಲ್ಲ, ಇದೂ ಹಾಗೆಯೇ.

ಈ ಸಿನಿಮಾದ ಮಾತು ಬಂದಾಗ ಎಲ್ಲರೂ ಹೇಳುವುದು ಮನುಷ್ಯ ತೋಳವಾಗುವ ದೃಶ್ಯವನ್ನು. ಅದು ನಿಜಕ್ಕೂ ಅದ್ಭುತ. ಅಲ್ಲಿಯವರೆಗೆ ಇಂಥದ್ದನ್ನು ನೆರಳಿನಲ್ಲಿ, ಹೊಗೆಯಲ್ಲಿ ತೋರಿಸಿ ದಾಟಿಸುತ್ತಿದ್ದರು. ಲ್ಯಾಂಡಿಸ್ ಮನೆಯೊಂದರ ಕೋಣೆಯಲ್ಲಿ, ಢಾಳಾದ ಬೆಳಕಿನಲ್ಲಿ ತೋರಿಸಿದರು. ಅಂಗೈ ಉದ್ದವಾಗುತ್ತದೆ, ಬೆನ್ನುಮೂಳೆ ಚರ್ಮದೊಳಗೇ ಜರುಗುತ್ತದೆ, ಮುಖ ಮೂತಿಯಾಗಿ ಮುಂದಕ್ಕೆ ಚಾಚುತ್ತದೆ. ಹಿನ್ನೆಲೆಯಲ್ಲಿ ಸ್ಯಾಮ್ ಕುಕ್ ಹಾಡಿದ ‘ಬ್ಲೂ ಮೂನ್’ ತಣ್ಣಗೆ ಕೇಳುತ್ತಿರುತ್ತದೆ. ಕಂಪ್ಯೂಟರ್ ಗ್ರಾಫಿಕ್ಸ್ ಇರಲಿಲ್ಲ. ಮೈಮೇಲೆ ಕೂದಲು ಬೆಳೆಯುವುದನ್ನು ತೋರಿಸಲು ಮೇಕಪ್ ಕಲಾವಿದ ರಿಕ್ ಬೇಕರ್ ಕೃತಕ ಚರ್ಮದಲ್ಲಿ ಕೂದಲು ನೆಟ್ಟು, ಅದನ್ನು ಒಳಗಿನಿಂದ ಎಳೆದು ಚಿತ್ರೀಕರಿಸಿ, ಆ ತುಣುಕನ್ನು ಹಿಂದುಮುಂದಾಗಿ ಓಡಿಸಿದರು. ಮೇಕಪ್ಪಿಗೆಂದು ಆಸ್ಕರ್‌ನವರು ಪ್ರತಿವರ್ಷದ ಪ್ರಶಸ್ತಿಯೊಂದನ್ನು ಆರಂಭಿಸಿದಾಗ ಮೊದಲು ಪಡೆದವರು ಅವರೇ. ಯಕ್ಷಗಾನದವರು ವೇಷ ಕಟ್ಟಿಕೊಳ್ಳುವ ಚೌಕಿಯೊಳಗೆ ಕುಳಿತು ಮನುಷ್ಯನೊಬ್ಬ ಬಣ್ಣದ ವೇಷವಾಗುವುದನ್ನು ಹತ್ತಿರದಿಂದ ನೋಡಿದರೆ ಒಂದು ಬಗೆಯ ಭಯ ಹುಟ್ಟುತ್ತದೆ. ರಂಗಸ್ಥಳದ ಅಬ್ಬರಕ್ಕೂ ಆ ಭಯ ಬರುವುದಿಲ್ಲ. ಬೇಕರ್ ನಮ್ಮನ್ನು ಕೂರಿಸುವುದು ಚೌಕಿಯಲ್ಲಿ.

ಆದರೆ ನಾನು ನಿನಗೆ ತೋರಿಸಬೇಕೆಂದಿರುವ ದೃಶ್ಯ ಬೇರೆ. ಮೊದಲ ರಾತ್ರಿ ಆರು ಜನರನ್ನು ಕೊಂದ ಮೇಲೆ ಡೇವಿಡ್ ಲಂಡನ್ನಿನ ಮೃಗಾಲಯದಲ್ಲಿ, ತೋಳಗಳ ಬೋನಿನಲ್ಲಿ, ಬರಿಮೈಯಲ್ಲಿ ಎಚ್ಚರಗೊಳ್ಳುತ್ತಾನೆ. ಅವನಿಗೆ ಏನೂ ನೆನಪಿಲ್ಲ. ರಾತ್ರಿ ಸತ್ತವರ ಸುದ್ದಿ ಕಿವಿಗೆ ಬಿದ್ದಾಗ ಅರ್ಥವಾಗುತ್ತದೆ. ನೇರವಾಗಿ ಟ್ರಫಾಲ್ಗರ್ ಚೌಕಕ್ಕೆ ಓಡಿ ಪೊಲೀಸನ ಮುಂದೆ ನಿಂತು, ನನ್ನನ್ನು ಬಂಧಿಸಿ ಎಂದು ಅಂಗಲಾಚುತ್ತಾನೆ. ಹಾಗೆ ಕೇಳಿದರೆ ಬಂಧಿಸುವುದಿಲ್ಲ ಎಂದು ತಿಳಿದು ರಾಣಿಯನ್ನು ಬೈಯುತ್ತಾನೆ, ಇಂಗ್ಲೆಂಡಿನವರು ಪೂಜಿಸುವವರನ್ನೆಲ್ಲ ಬೈಯುತ್ತಾನೆ. ಪೊಲೀಸ್ ಅವನನ್ನು ಹುಚ್ಚನೆಂದುಕೊಂಡು ಸುಮ್ಮನಿರುತ್ತಾನೆ. ನೋಡುವವರು ಅಲ್ಲಿ ನಗುತ್ತಾರೆ. ನನಗೆ ಒಮ್ಮೆಯೂ ನಗು ಬಂದಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವನು ಫೋನ್ ಬೂತ್‌ನಿಂದ ಅಮೆರಿಕದ ಮನೆಗೆ ಕರೆ ಮಾಡುತ್ತಾನೆ. ಅಪ್ಪ ಅಮ್ಮ ಸಿಗುವುದಿಲ್ಲ, ಪುಟ್ಟ ತಂಗಿ ಸಿಗುತ್ತಾಳೆ. ಎಲ್ಲರ ಮೇಲೂ ನನಗೆ ಪ್ರೀತಿ ಎಂದು ಹೇಳು ಎಂದಷ್ಟೇ ಹೇಳಿ ಇಡುತ್ತಾನೆ.

ಏಕೆ ನಗು ಬರುವುದಿಲ್ಲ ಎಂಬುದನ್ನು ನಿನಗಲ್ಲದೆ ಇನ್ನಾರಿಗೆ ಬರೆಯಲಿ? ನೀನು ನಮ್ಮ ಚಿಕ್ಕಪ್ಪನನ್ನು ಬಲ್ಲೆ. ಸಂತೆಯ ದಿನ ಮಧ್ಯಾಹ್ನವೇ ಅವರು ಜೇಬಿನ ದುಡ್ಡನ್ನೆಲ್ಲ ಅಜ್ಜಿಯ ಕೈಗೆ ಕೊಟ್ಟು, ‘ಅವ್ವಾ, ಹೊರಗಿನಿಂದ ಚಿಲಕ ಹಾಕು, ಎಷ್ಟು ಕೂಗಿದರೂ ತೆಗೆಯಬೇಡ’ ಎನ್ನುತ್ತಿದ್ದರು. ದೀಪ ಹಚ್ಚುವ ಹೊತ್ತಿಗೆ ಒಳಗಿನಿಂದ ಕೂಗು ಶುರುವಾಗುತ್ತಿತ್ತು. ತಾಯಿಯ ಕರುಳು, ಅಜ್ಜಿ ಚಿಲಕ ತೆಗೆಯುತ್ತಿದ್ದಳು. ಆ ರಾತ್ರಿಗಳಲ್ಲಿ ಚಿಕ್ಕಮ್ಮ ನಮ್ಮ ಮನೆಗೆ ಓಡಿ ಬರುತ್ತಿದ್ದುದನ್ನು ನೀನೂ ಕಂಡಿದ್ದೀಯೆ. ಬೆಳಗ್ಗೆ ಚಿಕ್ಕಪ್ಪ ಕಟ್ಟೆಯ ಮೇಲೆ ಕುಳಿತು ತಮ್ಮ ಎರಡೂ ಅಂಗೈಗಳನ್ನು ನೋಡಿಕೊಳ್ಳುತ್ತಿದ್ದರು. ಅವರು ಅಂಗೈಯಲ್ಲಿ ಏನನ್ನು ಹುಡುಕುತ್ತಿದ್ದಾರೆ ಎಂದು ನನಗೆ ಆಗ ತಿಳಿಯುತ್ತಿರಲಿಲ್ಲ.

ತೋಳಮಾನವನ ಒಳ್ಳೆಯ ಸಿನಿಮಾಗಳಲ್ಲೆಲ್ಲ ಈ ಬೇಡಿಕೆ ಇರುತ್ತದೆ: ರಾತ್ರಿಯಾಗುವ ಮುಂಚೆ ನನ್ನನ್ನು ಕಟ್ಟಿಹಾಕಿ. ಬೇರೆ ಯಾವ ಭೂತವೂ ಹೀಗೆ ಬೇಡುವುದಿಲ್ಲ. ಆದಿಪರ್ವದ ಕಲ್ಮಾಷಪಾದನನ್ನು ನೆನಪಿಸಿಕೋ. ಶಾಪದಿಂದ ನರಭಕ್ಷಕನಾಗಿ ವಸಿಷ್ಠರ ಮಕ್ಕಳನ್ನೆಲ್ಲ ತಿಂದ ರಾಜ, ಹನ್ನೆರಡು ವರ್ಷಗಳ ಮೇಲೆ ಅದೇ ವಸಿಷ್ಠರು ಮಂತ್ರಜಲ ಚಿಮುಕಿಸಿದಾಗ ಮತ್ತೆ ಮನುಷ್ಯನಾಗುತ್ತಾನೆ. ಆ ಎಚ್ಚರದ ಮೊದಲ ಗಳಿಗೆ ಅವನಿಗೆ ಹೇಗಿದ್ದಿರಬೇಕು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಎರಡನೆಯದಾಗಿ 1941ರ ‘ದಿ ವುಲ್ಫ್ ಮ್ಯಾನ್’ ನೋಡು. ಕಪ್ಪುಬಿಳುಪು, ಕೇವಲ 70 ನಿಮಿಷ. ಯೂನಿವರ್ಸಲ್ ಕಂಪನಿಯದು, ನಿರ್ದೇಶಕ ಜಾರ್ಜ್ ವ್ಯಾಗ್ನರ್. ಕಥೆ ನಡೆಯುವುದು ವೇಲ್ಸ್‌ನಲ್ಲಿ, ಆದರೆ ಚಿತ್ರೀಕರಿಸಿದ್ದು ಕ್ಯಾಲಿಫೋರ್ನಿಯಾದಲ್ಲಿ! ಅಣ್ಣ ಸತ್ತ ಮೇಲೆ ಲ್ಯಾರಿ ಟಾಲ್ಬಟ್ 18 ವರ್ಷಗಳ ನಂತರ ಅಮೆರಿಕದಿಂದ ತಂದೆಯ ಮನೆಗೆ ಮರಳುತ್ತಾನೆ. ಹುಡುಗಿಯೊಬ್ಬಳನ್ನು ತೋಳದಿಂದ ಬಿಡಿಸಲು ಹೋಗಿ ತಾನೇ ಕಚ್ಚಿಸಿಕೊಳ್ಳುತ್ತಾನೆ. ಶಾಪ ತಟ್ಟಿದ್ದು ಒಳ್ಳೆಯ ಕೆಲಸ ಮಾಡಿದ್ದಕ್ಕೆ ಎಂಬುದನ್ನು ಗಮನಿಸು.

ಲ್ಯಾರಿಯಾಗಿ ನಟಿಸಿದವರು ಲಾನ್ ಚೇನಿ ಜೂನಿಯರ್. ಮೂಕಿ ಸಿನಿಮಾದ ಕಾಲದಲ್ಲಿ ತನ್ನ ಮುಖವನ್ನು ತಾನೇ ಬದಲಿಸಿಕೊಂಡು ಜಗತ್ತನ್ನು ಬೆರಗುಗೊಳಿಸಿದ ಲಾನ್ ಚೇನಿಯ ಮಗ. ದೊಡ್ಡ ತಂದೆಯ ನೆರಳಿನಲ್ಲಿ ಬೆಳೆದವನ ಅಳುಕು ಅವರ ಕಣ್ಣಿನಲ್ಲೇ ಇದೆ ಎಂದು ನನಗೆ ಅನಿಸುತ್ತದೆ. ಮೊದಲ ಸಲ ಲ್ಯಾರಿ ತೋಳವಾಗುವಾಗ ಕ್ಯಾಮೆರಾ ತೋರಿಸುವುದು ಪಾದಗಳನ್ನು ಮಾತ್ರ. ಮುಖ ಬದಲಾಗುವುದು ಕಾಣುವುದು ಕೊನೆಯಲ್ಲಿ, ಸತ್ತ ಮೇಲೆ, ತೋಳದ ಮುಖ ಮೆಲ್ಲಗೆ ಮಗನ ಮುಖವಾಗುವಾಗ.

ಇಲ್ಲಿಯೂ ಕಟ್ಟುವ ದೃಶ್ಯವಿದೆ. ಇದೆಲ್ಲ ಮನಸ್ಸಿನ ಭ್ರಮೆ ಎಂದು ನಂಬಿದ ತಂದೆ, ಅದನ್ನು ತೋರಿಸಿಕೊಡಲೆಂದೇ ಮಗನನ್ನು ಕುರ್ಚಿಗೆ ಬಿಗಿದು ಹೊರಡುತ್ತಾನೆ. ಬೆಳ್ಳಿಯ ಹಿಡಿಯಿರುವ ಊರುಗೋಲನ್ನು ಜೊತೆಗೆ ಒಯ್ಯಿರಿ ಎಂದು ಮಗ ಹಟ ಹಿಡಿಯುತ್ತಾನೆ. ಈ ಕಥೆಯಲ್ಲಿ ತೋಳಮಾನವನನ್ನು ಕೊಲ್ಲುವುದು ಬೆಳ್ಳಿ. ತಂದೆಯನ್ನು ತನ್ನಿಂದಲೇ ಕಾಪಾಡಲು ಅವನಿಗೆ ತೋಚಿದ್ದು ಅದೊಂದೇ. ಕಾಡಿನಲ್ಲಿ, ಮಂಜಿನಲ್ಲಿ, ತಂದೆ ಅದೇ ಕೋಲಿನಿಂದ ತೋಳವನ್ನು ಬಡಿದು ಕೊಲ್ಲುತ್ತಾನೆ. ಯಾರನ್ನು ಕೊಂದೆ ಎಂಬುದು ತಿಳಿಯುವುದು ಆಮೇಲೆ. ಆ ಪಾತ್ರ ಮಾಡಿದ ಕ್ಲಾಡ್ ರೇನ್ಸ್ ಆಗ ಒಂದು ಮಾತನ್ನೂ ಆಡುವುದಿಲ್ಲ.

ಇದನ್ನು ಬರೆದವರು ಕರ್ಟ್ ಸಿಯೋಡ್‌ಮಾಕ್. ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೆ ಜರ್ಮನಿ ತೊರೆದ ಯಹೂದಿ. ಮುಂದಿನ ಬಲಿಯಾಗುವವರ ಅಂಗೈಯಲ್ಲಿ ತೋಳಮಾನವನಿಗೆ ನಕ್ಷತ್ರ ಕಾಣುತ್ತದೆ ಎಂದು ಅವರು ಬರೆದ ಕಾಲದಲ್ಲೇ ಜರ್ಮನಿಯಲ್ಲಿ ಯಹೂದಿಗಳ ಅಂಗಿಯ ಮೇಲೆ ಹಳದಿ ನಕ್ಷತ್ರ ಹೊಲಿಸಲಾಗುತ್ತಿತ್ತು. ನಿನ್ನೆಯವರೆಗೆ ನಗುತ್ತಾ ಮಾತನಾಡಿಸಿದ ನೆರೆಯವನು ರಾತ್ರೋರಾತ್ರಿ ಮೃಗವಾಗುವುದನ್ನು ಅವರು ಕಥೆಗಾಗಿ ಕಲ್ಪಿಸಿಕೊಳ್ಳಬೇಕಾಗಿರಲಿಲ್ಲ.

ಮೂರನೆಯದು ಕೆನಡಾದ ‘ಜಿಂಜರ್ ಸ್ನ್ಯಾಪ್ಸ್’, 2000ದ್ದು. ಇದನ್ನು ನಾನು ತಂಗಿಯ ಜೊತೆ ನೋಡಿದೆ. ಜಾನ್ ಫಾಸೆಟ್ ನಿರ್ದೇಶನ, ಚಿತ್ರಕಥೆ ಕ್ಯಾರೆನ್ ವಾಲ್ಟನ್ ಅವರದು. ಹೆಣ್ಣುಮಗಳು ಬರೆದದ್ದು ಎಂಬುದು ಪ್ರತಿ ದೃಶ್ಯದಲ್ಲೂ ತಿಳಿಯುತ್ತದೆ. ಜಿಂಜರ್ ಮತ್ತು ಬ್ರಿಜೆಟ್ ಅಕ್ಕತಂಗಿಯರು, ಹದಿಹರೆಯದವರು, ಒಬ್ಬರಿಗೊಬ್ಬರೇ ಜಗತ್ತು. ಅಕ್ಕ ಮೊದಲ ಸಲ ಮುಟ್ಟಾದ ರಾತ್ರಿಯೇ ಮೃಗವೊಂದು ಅವಳನ್ನು ಕಚ್ಚುತ್ತದೆ. ಮೈಯಲ್ಲಿ ಆಗುತ್ತಿರುವ ಬದಲಾವಣೆಗಳನ್ನು ಹೇಳಿಕೊಂಡರೆ ಇದೆಲ್ಲ ಈ ವಯಸ್ಸಿಗೆ ಸಹಜ ಎಂಬ ಉತ್ತರ ಸಿಗುತ್ತದೆ. ಗಂಡಸರ ತೋಳಕ್ಕೆ ಹುಣ್ಣಿಮೆಗೊಮ್ಮೆ ಬಂದು ಹೋಗುವ ಅನುಕೂಲವಿದೆ. ಜಿಂಜರ್‌ಗೆ ಹಾಗಿಲ್ಲ, ದಿನದಿನವೂ ಸ್ವಲ್ಪ ಸ್ವಲ್ಪ ಬದಲಾಗುತ್ತಾಳೆ, ಹಿಂದಿರುಗುವ ದಾರಿಯಿಲ್ಲ.

ತಂಗಿ ಅವಳನ್ನು ಸ್ನಾನದ ಮನೆಯಲ್ಲಿ ಕೂಡಿಹಾಕುತ್ತಾಳೆ, ಮದ್ದು ಹುಡುಕುತ್ತಾಳೆ. ಮದ್ದು ಯಾವುದು ಗೊತ್ತೆ? ನಮ್ಮ ವೈದ್ಯರು ವತ್ಸನಾಭಿ ಎನ್ನುವ ವಿಷದ ಗಿಡದ ಬಳಗಕ್ಕೆ ಸೇರಿದ್ದು. 1941ರ ಸಿನಿಮಾದ ಪದ್ಯದಲ್ಲಿ ಶರತ್ಕಾಲದಲ್ಲಿ ಅರಳುತ್ತದೆ ಎನ್ನುವ ಹೂವೂ ಅದೇ ಬಳಗದ್ದು. ಕೊನೆಗೆ ಬ್ರಿಜೆಟ್ ಒಂದು ಕೈಯಲ್ಲಿ ಮದ್ದಿನ ಸಿರಿಂಜ್, ಇನ್ನೊಂದರಲ್ಲಿ ಚಾಕು ಹಿಡಿದು ನಿಲ್ಲುತ್ತಾಳೆ. ಅಕ್ಕನಾಗಿದ್ದ ಮೃಗ ಹಾರಿ ಚಾಕುವಿಗೆ ಬೀಳುತ್ತದೆ. ಉಸಿರು ನಿಲ್ಲುವವರೆಗೂ ಅದರ ಮೈಮೇಲೆ ತಲೆಯಿಟ್ಟು ಮಲಗುತ್ತಾಳೆ. ಸಿನಿಮಾ ಮುಗಿದ ಮೇಲೆ ನನ್ನ ತಂಗಿ ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ ಬಂದು ನನ್ನ ಪಕ್ಕದಲ್ಲಿ ಕುಳಿತಳು, ಅಷ್ಟೇ.

ಉಳಿದವನ್ನು ಬೇಗ ಹೇಳುತ್ತೇನೆ. ಜೋ ಡಾಂಟೆಯ ‘ದಿ ಹೌಲಿಂಗ್’ ಕೂಡ 1981ರದ್ದೇ. ಅಲ್ಲಿನ ತೋಳಗಳಿಗೆ ತೋಳವಾಗಿರುವುದೇ ಇಷ್ಟ, ಹಾಗಾಗಿ ನಡುವೆ ನನ್ನ ಮನಸ್ಸು ತುಸು ಸಡಿಲವಾಗುತ್ತದೆ. ಆದರೆ ಕೊನೆಯಲ್ಲಿ ಸುದ್ದಿವಾಚಕಿಯೊಬ್ಬಳು ಸತ್ಯವನ್ನು ಜಗತ್ತಿಗೆ ತೋರಿಸಲು ನೇರ ಪ್ರಸಾರದಲ್ಲೇ ತೋಳವಾಗುತ್ತಾಳೆ. ಅದಕ್ಕಾಗಿಯಾದರೂ ನೋಡಲೇಬೇಕು. ನೀಲ್ ಮಾರ್ಷಲ್ ಅವರ ‘ಡಾಗ್ ಸೋಲ್ಜರ್ಸ್’ (2002) ಸ್ಕಾಟ್ಲೆಂಡಿನ ಕಾಡಿನ ಮನೆಯೊಂದರಲ್ಲಿ ಸಿಕ್ಕಿಬಿದ್ದ ಸೈನಿಕರ ಕಥೆ. ದುಃಖ ಕಡಿಮೆ, ಹೋರಾಟ ಹೆಚ್ಚು. ಗೆಳೆಯರೊಂದಿಗೆ ನೋಡಲು ಅದಕ್ಕಿಂತ ಒಳ್ಳೆಯದಿಲ್ಲ. ನಮ್ಮ ದೇಶದಲ್ಲಿ ಮಹೇಶ್ ಭಟ್ 1992ರಲ್ಲಿ ‘ಜುನೂನ್’ ಮಾಡಿದಾಗ ಲ್ಯಾಂಡಿಸ್‌ನ ತೋಳವನ್ನು ಹುಲಿಯಾಗಿಸಿದರು. ಹುಲಿವೇಷ ಕುಣಿಯುವ ಕರಾವಳಿಯವರಿಗೆ ಆ ಬದಲಾವಣೆ ತಕ್ಷಣ ಅರ್ಥವಾಗುತ್ತದೆ. 2022ರ ‘ಭೇಡಿಯಾ’ದಲ್ಲಿ ಅರುಣಾಚಲದ ಕಾಡಿಗೆ ರಸ್ತೆ ಮಾಡಲು ಹೋದವನೇ ತೋಳವಾಗುತ್ತಾನೆ. ಹಾಸ್ಯ ನನಗೆ ಹೆಚ್ಚೆನಿಸಿತು, ಕಾಡಿನ ಪರವಾದ ಅದರ ಸಿಟ್ಟು ಹಿಡಿಸಿತು.

ಒಂದು ಮಾತು ಮಾತ್ರ ಮನಸ್ಸಿಗೆ ಚುಚ್ಚುತ್ತದೆ. ಇವೆಲ್ಲದರಲ್ಲೂ ನಿಜವಾದ ತೋಳಕ್ಕೆ ಅನ್ಯಾಯವಾಗಿದೆ. ಕುಸುಬೆ ಹೊಲದ ಬದುವಿನಲ್ಲಿ ಮುಸ್ಸಂಜೆ ನಾವಿಬ್ಬರೂ ಕಂಡ ತೋಳ ನೆನಪಿದೆಯೆ? ಮಣ್ಣಿನ ಬಣ್ಣದ್ದು, ಬಡಕಲು. ಕ್ಷಣ ನಿಂತು ನಮ್ಮನ್ನು ನೋಡಿ ತನ್ನ ಪಾಡಿಗೆ ಹೋಯಿತು. ಅದರ ಕಣ್ಣಿನಲ್ಲಿ ಹಸಿವಿತ್ತು, ಕ್ರೌರ್ಯವಿರಲಿಲ್ಲ. ಗಂಗಾವತಿ ತಾಲ್ಲೂಕಿನ ಬಂಕಾಪುರದಲ್ಲಿ ಈಗ ತೋಳಗಳಿಗೆಂದೇ ಧಾಮವಾಗಿದೆ. ನೀನು ಬಂದಾಗ ಹೋಗೋಣ.

ಕಳೆದ ತಿಂಗಳು ಊರಿಗೆ ಹೋಗಿದ್ದಾಗ ರಾತ್ರಿ ಲ್ಯಾಪ್‌ಟಾಪ್‌ನಲ್ಲಿ ‘ದಿ ವುಲ್ಫ್ ಮ್ಯಾನ್’ ಹಾಕಿದ್ದೆ. ಚಿಕ್ಕಪ್ಪ ಬಂದು ಪಕ್ಕದಲ್ಲಿ ಕುಳಿತರು. ಅವರು ಕುಡಿತ ಬಿಟ್ಟು ಹತ್ತು ವರ್ಷವಾಯಿತು. ಭಾಷೆ ಬಾರದಿದ್ದರೂ ಕೊನೆಯವರೆಗೆ ಕದಲಲಿಲ್ಲ. ಸತ್ತುಬಿದ್ದ ಲ್ಯಾರಿಯ ಬಳಿ ಅಲೆಮಾರಿ ಮುದುಕಿಯೊಬ್ಬಳು ಬಗ್ಗಿ ಏನೋ ಹೇಳುತ್ತಾಳೆ. ‘ಆ ಮುದುಕಿ ಏನೆಂದಳು?’ ಎಂದು ಕೇಳಿದರು. ನೀನು ನಡೆದದ್ದು ಮುಳ್ಳಿನ ದಾರಿ, ಅದರಲ್ಲಿ ನಿನ್ನ ತಪ್ಪಿಲ್ಲ ಎಂಬ ಅರ್ಥದ ಮಾತು ಎಂದು ಹೇಳಿದೆ. ಅವರು ತಲೆ ಅಲ್ಲಾಡಿಸಿದರು. ‘ಇವನಿಗೆ ಸರಿ’ ಎಂದರು. ಸ್ವಲ್ಪ ಹೊತ್ತು ಬಿಟ್ಟು, ‘ಕುರ್ಚಿಗೆ ಕಟ್ಟುವುದನ್ನು ಇನ್ನೊಮ್ಮೆ ಹಾಕು’ ಎಂದರು. ಹಾಕಿದೆ. ಒಳಗೆ ಚಿಕ್ಕಮ್ಮ ಪಾತ್ರೆ ತೊಳೆಯುತ್ತಿದ್ದರು.

ಮೊದಲು ಲ್ಯಾಂಡಿಸ್‌ನ ಸಿನಿಮಾ ನೋಡು, ಒಬ್ಬನೇ ನೋಡು. ನೋಡಿದ ರಾತ್ರಿಯೇ ಬರೆ. ಮುಂದಿನ ಸಲ ಬಯಲಿಗೆ ಹೋಗುವಾಗ ಯಾರನ್ನಾದರೂ ಜೊತೆಗೆ ಕರೆದುಕೊಂಡು ಹೋಗು.

ಇಂತಿ,
ನಿನ್ನ ಗೆಳೆಯ